ಎಡಗಿವಿಯ ಹಿಂದಿನ ಚುಕ್ಕೆ

ಸ್ಕ್ಯಾನಿಗೆ ಮಲಗಬೇಕಿದ್ದ ಸ್ವಯಂಸೇವಕನಿಗೆ ನೆಗಡಿಯಾದದ್ದೇ ಸಕ್ಲೈನನ ಸಂಕಟಕ್ಕೆ ಮೂಲ. ರಾಣೆಬೆನ್ನೂರಿನ ಸಕ್ಲೈನ್ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ. ಶುಕ್ರವಾರ ಪ್ರಬಂಧ ಸಮಿತಿಯ ಕೈ ಸೇರಬೇಕು. ಕೊನೆಯ ಅಧ್ಯಾಯಕ್ಕೆ ಆರೋಗ್ಯವಂತನೊಬ್ಬನ ಮಿದುಳಿನ ಚಿತ್ರ ಬಾಕಿಯಿತ್ತು. ಬೇರೊಬ್ಬರನ್ನು ಹುಡುಕುವಷ್ಟು ವ್ಯವಧಾನವಿಲ್ಲದೆ, ಮಂಗಳವಾರ ತಾನೇ ಎಂಆರ್‌ಐ ಯಂತ್ರದ ಕೊಳವೆಯೊಳಗೆ ಮಲಗಿ ಎದ್ದು ಬಂದ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುತ್ತ ಆ ಚಿತ್ರವನ್ನು ತನ್ನ ಪ್ರೋಗ್ರಾಮಿಗೆ ಕೊಟ್ಟ. ಅವಸರದಲ್ಲಿ ತೆಗೆದ ಎಂಆರ್‌ಐ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳು. ಆ ರವೆಯನ್ನು ಜರಡಿ ಹಿಡಿದು, ಅದರಡಿ ಮುಚ್ಚಿಹೋದ ಸಣ್ಣ ಗುರುತುಗಳನ್ನು ಎತ್ತಿ ತೋರಿಸುವುದು ಆ ಪ್ರೋಗ್ರಾಮಿನ ಕೆಲಸ. ವೈದ್ಯರ ಕಣ್ಣಿಗೆ ಬೀಳದ ಗಡ್ಡೆಯ ಚುಕ್ಕೆಗಳನ್ನು ಅದು ನಲವತ್ತು ರೋಗಿಗಳ ಹಳೆಯ ಚಿತ್ರಗಳಲ್ಲಿ ಹಿಡಿದುಕೊಟ್ಟಿತ್ತು. ಪ್ರಬಂಧದ ಹೆಚ್ಚುಗಾರಿಕೆಯೆಲ್ಲ ಅದೇ.

ಈಗ ನಲವತ್ತೊಂದನೆಯದು ಸಿಕ್ಕಿತು. ಎಡಗಿವಿಯ ಹಿಂದೆ, ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ.

ಮೂಲ ಚಿತ್ರ ತೆರೆದು ನೋಡಿದ. ಅಲ್ಲಿ ಚುಕ್ಕೆಯ ಸುಳಿವೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ನಿಟ್ಟುಸಿರು ಬಿಡುತ್ತಿದ್ದರು. ಬರಿಗಣ್ಣಿಗೆ ಕಾಣದ್ದನ್ನು ತನ್ನ ಪ್ರೋಗ್ರಾಮು ಕಾಣಿಸುತ್ತದೆಂದು ಇನ್ನೂರು ಪುಟ ಬರೆದವನಿಗೆ ಅದೇ ಸಾಕ್ಷಿಯಾಯಿತು. ಕೈಯಲ್ಲಿದ್ದ ಚಹಾ ತಣ್ಣಗಾಯಿತು.

ಜೊತೆಯಲ್ಲೇ ವಾಸವಿದ್ದ ಚಿನ್ಮಯ್ ಚಿಪ್ ಕಂಪನಿಯ ಎಂಜಿನಿಯರ್. ವೈದ್ಯಶಾಸ್ತ್ರವನ್ನು ಫೋನಿನಲ್ಲಿ ಕಲಿತವನು.

“ಬ್ರೇನಲ್ಲಿ ಲೆಫ್ಟ್ ಸೈಡ್ ಪ್ರಾಬ್ಲಮ್ ಇದ್ರೆ ಬಲಗೈ ವೀಕ್ ಆಗುತ್ತೆ. ಕಣ್ಣು ಮುಚ್ಕೊಂಡು ಬಲಗೈಲಿ ಮೂಗು ಮುಟ್ಟು ನೋಡೋಣ,” ಎಂದ.

ಸಕ್ಲೈನ್ ಮುಟ್ಟಲು ಹೋದ. ಬೆರಳು ಕಣ್ಣಿಗೆ ತಿವಿಯಿತು.

“ನೋಡಿದ್ಯಾ? ಎಷ್ಟು ದಿನದಿಂದ ಹಿಂಗೆ?”

“ಕಣ್ಣು ಮುಚ್ಕೊಂಡು ಮೂಗು ಮುಟ್ಟೋ ಕೆಲಸ ಇವತ್ತೇ ಮೊದಲು ಕಣೋ.”

ಸಕ್ಲೈನ್ ಬಡಾವಣೆಯ ವೈದ್ಯರ ಕಚೇರಿಗೆ ಫೋನ್ ಮಾಡಿದ. ಸಹಾಯಕಿ ತಾಳ್ಮೆಯಿಂದ ಕೇಳಿದಳು. ತಲೆನೋವು? ಇಲ್ಲ. ವಾಂತಿ? ಇಲ್ಲ. ಹಾಗಾದರೆ ತೊಂದರೆ ಏನು?

“ಚುಕ್ಕೆ ಇದೆ ಅಂತ ನನ್ನ ಪ್ರೋಗ್ರಾಮ್ ಹೇಳ್ತಾ ಇದೆ.”

ಆಕೆ, “ಪ್ಯಾರಾಸಿಟಮಾಲ್ ತೊಗೊಳ್ಳಿ. ಎರಡು ವಾರ ಬಿಟ್ಟು ನೋಡೋಣ,” ಎಂದಳು.

ಅಷ್ಟರಲ್ಲಿ ಕೆಳಗಿನ ಮನೆಯ ನಿತಿನನ ತಾಯಿ ಕಾಶಮ್ಮ ಎಣ್ಣೆಬಟ್ಟಲು ಹಿಡಿದು ಮೆಟ್ಟಿಲೇರಿ ಬಂದರು. ಮಗನ ಜೊತೆ ಮೂರು ತಿಂಗಳು ಇರಲು ಧಾರವಾಡದಿಂದ ಬಂದವರು. ಚಿನ್ಮಯ್ ಆಗಲೇ ಅವರಿಗೆ ಸುದ್ದಿ ಮುಟ್ಟಿಸಿದ್ದ.

“ಓದಿ ಓದಿ ತಲಿ ಕಾದೈತಿ, ಅಷ್ಟ. ಕೂಡು ಇಲ್ಲಿ. ಎಲ್ಲೈತಿ ಚುಕ್ಕಿ?”

“ಎಡಗಿವಿ ಹಿಂದೆ, ಅಮ್ಮಾ.”

ಕಾಶಮ್ಮ ಹರಳೆಣ್ಣೆಯನ್ನು ಕಿವಿಯ ಹಿಂದೆ ತಟ್ಟಿ ತಟ್ಟಿ ತಿಕ್ಕಿದರು. ಎಣ್ಣೆ ಕೊರಳಿಗಿಳಿಯುವ ಹೊತ್ತಿಗೆ ಸಕ್ಲೈನನಿಗೆ ಪಾಠದ ಮೊದಲ ದಿನದ ಮಾತು ನೆನಪಾಯಿತು. ಸ್ಕ್ಯಾನ್ ಚಿತ್ರದಲ್ಲಿ ರೋಗಿ ನಮಗೆ ಎದುರಾಗಿದ್ದಾನೆಂದು ತಿಳಿಯಬೇಕು. ಪರದೆಯ ಎಡ ಎಂದರೆ ರೋಗಿಯ ಬಲ.

“ತಡೀರಿ ಅಮ್ಮಾ. ಅದು ಬಲಗಡೆ.”

“ಈಗರ ಎಡಕ್ಕ ಅಂದೆಲ್ಲಪಾ?”

“ಚಿತ್ರದಲ್ಲಿ ಎಡ. ತಲೇಲಿ ಬಲ.”

ಕಾಶಮ್ಮ ಚಿನ್ಮಯನತ್ತ ತಿರುಗಿ ದನಿ ತಗ್ಗಿಸಿದರು. “ಬ್ಯಾನಿ ಭಾಳ ಏರೈತಿ. ಹುಡುಗಗ ಎಡ ಬಲ ತಿಳಿವಲ್ದು.”

ಚಿನ್ಮಯನ ಮುಖ ಇನ್ನಷ್ಟು ಗಂಭೀರವಾಯಿತು. “ಚುಕ್ಕೆ ಬಲಗಡೆ ಇದ್ರೆ ಎಡಗೈ ವೀಕ್ ಆಗ್ಬೇಕಿತ್ತು. ನಿಂಗೆ ಬಲಗೈ ವೀಕು. ಅಂದ್ರೆ ಎರಡು ಚುಕ್ಕೆ ಇದಾವೆ. ಒಂದು ನಿನ್ ಪ್ರೋಗ್ರಾಮಿಗೂ ಸಿಕ್ಕಿಲ್ಲ.”

ಎರಡೂ ಕಿವಿಯ ಹಿಂದೆ ಎಣ್ಣೆ ಬಳಿಸಿಕೊಂಡ ಸಕ್ಲೈನ್ ವಿಶ್ವವಿದ್ಯಾಲಯಕ್ಕೆ ಹೋಗಲು ಸೈಕಲ್ ಹತ್ತಿದ. ಎಡ ಬಲದ ಯೋಚನೆಯಲ್ಲೇ ಸೈಕಲ್ ಹಾದಿಯ ತಪ್ಪು ಬದಿಯಲ್ಲಿ ಎರಡು ಕಿಲೋಮೀಟರ್ ಹೋದ. ಎದುರು ಬಂದವರೆಲ್ಲ ಗಂಟೆ ಬಾರಿಸಿದರು. ಒಬ್ಬ ಮುದುಕಿ ಡಚ್ಚಿನಲ್ಲಿ ಬೈದಳು. ಅರ್ಥವಾಗಲಿಲ್ಲ. ಮಾತು ತಿಳಿಯದಿರುವುದೂ ರೋಗಲಕ್ಷಣವಿರಬಹುದೇ ಎಂದು ಇನ್ನೊಂದು ಭಯ ಹುಟ್ಟಿತು.

ಅವನ ಮಾರ್ಗದರ್ಶಕಿ ಮಾರ್ಲೀಸ್ ಎಲ್ಲವನ್ನೂ ಕೇಳಿಸಿಕೊಂಡಳು. ಎಣ್ಣೆಯ ಬಗ್ಗೆ ಏನೂ ಕೇಳಲಿಲ್ಲ. ಚಿತ್ರ ನೋಡಿದಳು, ಮೂಲ ಚಿತ್ರ ನೋಡಿದಳು, ಆಮೇಲೆ ಇನ್ನೊಂದು ಚಿತ್ರ ತೆರೆದಳು. ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ದಿನಾ ಬೆಳಿಗ್ಗೆ ನೀರು ತುಂಬಿದ ಚೆಂಡೊಂದರ ಸ್ಕ್ಯಾನ್ ತೆಗೆಯುತ್ತಾರೆ. ಅದರೊಳಗೆ ನೀರಲ್ಲದೆ ಬೇರೇನೂ ಇರುವುದಿಲ್ಲ. ಮಾರ್ಲೀಸ್ ಆ ಚಿತ್ರವನ್ನು ಸಕ್ಲೈನನ ಪ್ರೋಗ್ರಾಮಿಗೆ ಕೊಟ್ಟಳು.

ಒಂದು ನಿಮಿಷವಾಯಿತು. ಚೆಂಡಿನೊಳಗೆ, ಅದೇ ಜಾಗದಲ್ಲಿ, ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿತು.

“ನೀರಿಗೆ ಗಡ್ಡೆ ಬೆಳೆಯೋದಿಲ್ಲ, ಸಕ್ಲೈನ್,” ಎಂದಳು.

ಸಕ್ಲೈನ್ ಕುರ್ಚಿಯಲ್ಲಿ ಕುಸಿದು ನಕ್ಕ, ನಗುನಗುತ್ತ ಕಣ್ಣೊರೆಸಿಕೊಂಡ. “ಅಂದ್ರೆ ನಂಗೇನೂ ಆಗಿಲ್ಲ. ಪ್ರೋಗ್ರಾಮಲ್ಲೇ ಎಲ್ಲೋ ಸಣ್ಣ ತಪ್ಪು.”

ಮಾರ್ಲೀಸ್ ನಗಲಿಲ್ಲ. ನಲವತ್ತು ರೋಗಿಗಳ ಚಿತ್ರಗಳನ್ನು ಒಂದೊಂದಾಗಿ ತೆರೆಯತೊಡಗಿದಳು. ಪ್ರಬಂಧದಲ್ಲಿ ಅವನು ಚುಕ್ಕೆಯಿದ್ದ ತುಣುಕನ್ನಷ್ಟೇ ಕತ್ತರಿಸಿ, ಹಿಗ್ಗಿಸಿ ಹಾಕಿದ್ದ. ಈಗ ಇಡೀ ಚಿತ್ರಗಳು ಪರದೆಯ ಮೇಲೆ ಬಂದವು. ಗಂಡಸರು, ಹೆಂಗಸರು, ದೊಡ್ಡ ತಲೆ, ಸಣ್ಣ ತಲೆ. ಚುಕ್ಕೆ ಮಾತ್ರ ಕೂದಲೆಳೆಯಷ್ಟೂ ಜಾಗ ಬಿಟ್ಟು ಕದಲಿರಲಿಲ್ಲ. ನಾಲ್ಕು ವರ್ಷವೂ ಪ್ರೋಗ್ರಾಮು ಚುಕ್ಕೆ ಹುಡುಕಿರಲಿಲ್ಲ, ಇಟ್ಟಿತ್ತು.

“ಶುಕ್ರವಾರ ಆಗೋದಿಲ್ಲ. ಮುಂದಿನ ವರ್ಷ ನೋಡೋಣ,” ಎಂದಳು ಮಾರ್ಲೀಸ್.

ಸಕ್ಲೈನ್ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ: “ನನ್ನ ಚಿತ್ರ ಇನ್ನೊಂದ್ಸಲ ನೋಡ್ತೀರಾ? ನಿಜವಾಗ್ಲೂ ಒಂದು ಸಣ್ಣ ಚುಕ್ಕೆ ಇದ್ರೂ ಇರಬಹುದಲ್ವಾ?” ಅವನ ದನಿಯಲ್ಲಿ ಆಸೆಯಿತ್ತು.

ಮಾರ್ಲೀಸ್ ಮೂಲ ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೆ ಹಿಗ್ಗಿಸಿ ನೋಡಿದಳು. “ಇಲ್ಲ. ತುಂಬಾ ಆರೋಗ್ಯವಾಗಿದೆ.”

ಜೇಬಿನಲ್ಲಿ ಫೋನ್ ಗುನುಗಿತು. ಕಾಶಮ್ಮ.

“ಏನಂದ್ರಪಾ ನಿಮಗ ಕಲಿಸೋ ಬಾಯಾರು?”

“ನನ್ನ ತಲೇಲಿ ಏನೂ ಇಲ್ಲ ಅಂದ್ರು, ಅಮ್ಮಾ.”

“ಭಾಳ ಛಲೋ ಆತು. ಎಲ್ಲಾರಿಗೂ ಹೇಳ್ತೀನಿ,” ಎಂದು ಅವರು ಸಂತೋಷದಿಂದ ಫೋನಿಟ್ಟರು. ಎದುರಿಗೆ ಮಾರ್ಲೀಸ್ ಪ್ರಬಂಧದ ಕೊನೆಯ, ಐದನೆಯ ಅಧ್ಯಾಯಕ್ಕೆ ಅಡ್ಡಗೆರೆ ಎಳೆದು ಮುಗಿಸಿ, ನಾಲ್ಕನೆಯದಕ್ಕೆ ಬಂದಿದ್ದಳು.