ಎರಡು ವರ್ಷ ಕಡಿಮೆ ಬಿದ್ದ ಲೈಸೆನ್ಸು

ವಯಸ್ಸು ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ ಎಂದು ನಂಬಿದವರು ಯಲಹಂಕದ ನಾರಾಯಣಮ್ಮನವರನ್ನು ಕಂಡಿರಲಿಕ್ಕಿಲ್ಲ. ಅವರ ಮಗಳು ಪಂಕಜಾಕ್ಷಿಗೆ ದೀಪಾವಳಿಯ ಹೊತ್ತಿಗೆ ಹದಿನೆಂಟು ತುಂಬಿತ್ತು. ಯುಗಾದಿ ಬರುವಷ್ಟರಲ್ಲಿ ಹದಿನಾರಾಗಿತ್ತು.

ಇದು ನಡೆದದ್ದು ಒಂದು ನಾಮಕರಣದ ಮನೆಯಲ್ಲಿ. ಹೆಬ್ಬಾಳದ ಮುನಿಶಾಮಮ್ಮನವರಿಗೆ ದ್ರಾಕ್ಷಿ ತೋಟವಿತ್ತು, ಮನೆಯ ಮುಂದೆ ಕಾರಿತ್ತು, ಆ ಕಾರನ್ನು ತಾನೇ ಓಡಿಸುತ್ತಾನೆಂದು ಹೆಸರಾಗಿದ್ದ ಮುನಿರಾಜು ಎಂಬ ಮಗನಿದ್ದ. ಅವರು ಪಂಕಜಳನ್ನು ಕಣ್ಣಿನಲ್ಲೇ ಅಳೆದು, ಹುಡುಗಿಗೆಷ್ಟು ವಯಸ್ಸು ಎಂದು ಕೇಳಿದರು. ನಾರಾಯಣಮ್ಮ ಹದಿನೇಳು ಎಂದರು. ಮುನಿಶಾಮಮ್ಮ ಮಾತಾಡದೆ ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಆ ಮೌನ ನಾರಾಯಣಮ್ಮನಿಗೆ ತಡೆಯಲಾಗಲಿಲ್ಲ. ಸಂಜೆಗತ್ತಲಲ್ಲಿ ಸೊಪ್ಪು ಬಾಡುತ್ತದೆಂದು ಸಂತೆಯವಳು ಬೆಲೆ ಇಳಿಸುವಂತೆ, "ಹದಿನೇಳು ಎಲ್ಲಿ ಬಂತು, ಹದಿನಾರೇ ಅನ್ನಿ" ಎಂದುಬಿಟ್ಟರು.

ಹದಿನಾರಕ್ಕೇ ಬಿ.ಎಸ್ಸಿ. ಓದುತ್ತಿರುವುದು ಹೇಗೆ ಎಂದು ಮುನಿಶಾಮಮ್ಮ ಹುಬ್ಬೇರಿಸಿದರು. ಹುಡುಗಿ ಬಹಳ ಚುರುಕು, ಮೇಷ್ಟ್ರು ಎರಡು ಸಲ ಡಬಲ್ ಪ್ರಮೋಷನ್ ಕೊಟ್ಟರು ಎಂದು ನಾರಾಯಣಮ್ಮ ವಿವರಿಸಿದರು. (ಪಂಕಜ ಗಣಿತವನ್ನು ಗಟ್ಟಿ ಮಾಡಿಕೊಳ್ಳಲೆಂದು ಒಂದು ತರಗತಿಯಲ್ಲಿ ಎರಡು ವರ್ಷ ಕೂತಿದ್ದಳು. ಅದನ್ನು ಅಲ್ಲಿ ಹೇಳುವ ಅಗತ್ಯ ಕಾಣಲಿಲ್ಲ.) ಮುನಿಶಾಮಮ್ಮ ಮತ್ತೆ ಸುಮ್ಮನಾದರು. ಅಂದಿನಿಂದ ಹೆಬ್ಬಾಳದ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಹದಿನೈದು ಅನ್ನಬೇಕಿತ್ತೇನೋ ಎಂದು ನಾರಾಯಣಮ್ಮ ಹಿಟ್ಟು ರುಬ್ಬುವಾಗಲೆಲ್ಲ ಕೊರಗಿದರು.

ಈ ನಡುವೆ ಮನೆಯಲ್ಲಿ ಕಾರಿನ ಉಪದ್ರವ ಶುರುವಾಯಿತು. ನಾರಾಯಣಮ್ಮನ ಗಂಡ ವೆಂಕಟರಾಮಯ್ಯ ಹೆಂಚಿನ ವ್ಯಾಪಾರಿ. ಮಿಲಿಟರಿಯವರ ಹರಾಜಿನಲ್ಲಿ ಹಳೆಯ ಕಾರೊಂದನ್ನು ಕೊಂಡು, ಕಲಿಯುವ ಮೊದಲ ದಿನವೇ ದನದ ಕೊಟ್ಟಿಗೆಯ ಗೋಡೆಗೆ ಗುದ್ದಿಸಿ ಮುಹೂರ್ತ ಮಾಡಿದ್ದರು. ಅಂದಿನಿಂದ ಕಾರು ಶೆಡ್ಡಿನಲ್ಲಿ, ಅವರು ಬಸ್ಸಿನಲ್ಲಿ. ನಾನು ಓಡಿಸುತ್ತೇನೆ ಎಂದು ಪಂಕಜ ಹೊರಟಳು. ಮೆಕ್ಯಾನಿಕ್ ನಜೀರ್ ಪಕ್ಕದಲ್ಲಿ ಕೂತು ಕಲಿಸಲು ಒಪ್ಪಿದ. ಕಲಿಯುವವರ ಲೈಸೆನ್ಸಿಗೆ ಅರ್ಜಿ ತುಂಬಿದ್ದಾಯಿತು, ಡಾಕ್ಟರು ಕಣ್ಣು ನೋಡಿದ್ದಾಯಿತು, ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದೂ ಆಯಿತು. ಆದರೆ ಲೈಸೆನ್ಸ್ ಆಫೀಸಿನ ಅಧಿಕಾರಿ, ಮೇಜಿನ ಮೇಲಕ್ಕೆ ಕಷ್ಟಪಟ್ಟು ಕಾಣಿಸುತ್ತಿದ್ದ ಈ ಹುಡುಗಿಯನ್ನು ನೋಡಿ, ಹದಿನೆಂಟಾಗಿದೆ ಎಂದರೆ ನಂಬಲಿಲ್ಲ. ಮನೆಯ ದೊಡ್ಡವರು ಯಾರಾದರೂ ಬಂದು ಎದುರಿಗೆ ಹೇಳಲಿ ಎಂದು ಕಳಿಸಿದರು.

"ನೀವು ಹೋಗಿ ಹೇಳ್ಬನ್ರೀ" ಎಂದರು ನಾರಾಯಣಮ್ಮ.

"ಯಶವಂತಪುರದಲ್ಲಿ ಹೆಂಚಿನ ವ್ಯಾಗನ್ ಬಂದು ನಿಂತಿದೆ ಕಣೇ. ಹೆತ್ತೋಳು ನೀನು, ನೀನೇ ಹೋಗು. ಯಾವ ವರ್ಷ ಹೆತ್ತೆ ಅನ್ನೋದನ್ನ ಮಾತ್ರ ದಾರೀಲಿ ಸರಿಯಾಗಿ ಜ್ಞಾಪಿಸ್ಕೋ."

ನಾರಾಯಣಮ್ಮ ಹೋಗುವುದಿಲ್ಲವೆಂದೇ ಹಟ ಹಿಡಿದಿದ್ದರು. ಆದರೆ ಆ ಸಂಜೆ ಹಾಲು ಕರೆಯಲು ಹಿತ್ತಲಿಗೆ ಹೋದಾಗ, ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಪಂಕಜ ಒಬ್ಬಳೇ ಕೂತಿರುವುದು ಕಂಡಿತು. ಎರಡೂ ಕೈ ಚಕ್ರದ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ. ಆ ಸುಣ್ಣದ ಗೋಡೆಯಲ್ಲಿ ಅವಳಿಗೆ ಸಾಲುಮರದ ರಸ್ತೆಯೊಂದು ತೆರೆದುಕೊಂಡಂತೆ ಮುಖ ಬೆಳಗುತ್ತಿತ್ತು. ನಾರಾಯಣಮ್ಮ ಸದ್ದಿಲ್ಲದೆ ಹಿಂದಿರುಗಿದರು. ಸರ್ಕಾರಿ ಆಫೀಸಿನಲ್ಲಿ ಆಡಿದ ಮಾತು ಹೆಬ್ಬಾಳದವರೆಗೆ ಹೋಗುತ್ತದೆಯೇ, ಮೆಲ್ಲಗೆ ಹೇಳಿ ಬಂದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮರುದಿನ ತಾಯಿ ಮಗಳು ಆಫೀಸಿನ ಬೆಂಚಿನ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ, ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಹೆಂಗಸು ಇತ್ತ ತಿರುಗಿದರು. ಮುನಿಶಾಮಮ್ಮ. ಪಕ್ಕದಲ್ಲಿ ಮುನಿರಾಜು, ಕೈಯಲ್ಲಿ ತನ್ನ ಫೋಟೋ ಹಿಡಿದುಕೊಂಡು ನಾಚಿ ಕೂತಿದ್ದ.

ಹಿರಿಯರಿಬ್ಬರೂ ನಕ್ಕರು, ಹಲ್ಲುನೋವಿದ್ದವರು ನಗುವ ಹಾಗೆ. ಏನು ಈ ಕಡೆ ಎಂದು ನಾರಾಯಣಮ್ಮ ಕೇಳಿದರೆ, ಕಾರಿನದೇನೋ ಸಣ್ಣ ಕೆಲಸ ಎಂದರು ಮುನಿಶಾಮಮ್ಮ. ನೀವೇನು ಎಂದು ಅವರು ಕೇಳುವ ಮೊದಲೇ ಗುಮಾಸ್ತ ಪಂಕಜಾಕ್ಷಿಯ ಹೆಸರು ಕೂಗಿದ.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಏನಮ್ಮ, ಇವಳು ನಿಮ್ಮ ಮಗಳಾ? ಎಷ್ಟು ವಯಸ್ಸು ಇವಳಿಗೆ?"

ಹದಿನೆಂಟೆಂದರೆ ಅಳಿಯ ಹೋದ. ಹದಿನಾರೆಂದರೆ ಲೈಸೆನ್ಸ್ ಹೋಯಿತು. ನಾರಾಯಣಮ್ಮ ಬೆಂಚಿನ ಕಡೆ ನೋಡಿದರು, ಅಲ್ಲಿ ಇಡೀ ದ್ರಾಕ್ಷಿ ತೋಟ ಕಿವಿ ನಿಮಿರಿಸಿ ಕೂತಿತ್ತು. ಈ ಕಡೆ ನೋಡಿದರು. ಪಂಕಜ ಗೋಡೆಯಲ್ಲಿ ರಸ್ತೆ ಕಾಣುತ್ತಿದ್ದ ಆ ಕಣ್ಣುಗಳನ್ನು ಕೆಳಗೆ ಹಾಕಿ ನಿಂತಿದ್ದಳು, ಅಷ್ಟೆ.

ನಾರಾಯಣಮ್ಮ ತುಟಿ ಅಲುಗಿಸಿದರು.

"ಜೋರಾಗಿ ಹೇಳಿ" ಎಂದರು ಅಧಿಕಾರಿ.

"ಹದಿನೆಂಟು ತುಂಬಿದೆ ಸ್ವಾಮಿ. ದೀಪಾವಳಿಗೇ ತುಂಬ್ತು."

ಧಪ್ಪನೆ ಮುದ್ರೆ ಬಿತ್ತು.

ಹೊರಗೆ ಹೊಂಗೆ ಮರದ ನೆರಳಿನಲ್ಲಿ ನಾರಾಯಣಮ್ಮ ತೀರ್ಪಿಗೆ ಕಾಯುವವರಂತೆ ನಿಂತರು. ಮಗನ ಕೆಲಸ ಮುಗಿಸಿ ಮುನಿಶಾಮಮ್ಮ ನೇರವಾಗಿ ಇವರತ್ತಲೇ ಬಂದರು.

"ಅಲ್ಲಾ ಅಕ್ಕ, ಹದಿನೆಂಟಾ?"

ನಾರಾಯಣಮ್ಮ ಹೊಂಗೆ ಎಲೆಗಳನ್ನು ನೋಡಿದರು.

"ಇದನ್ನ ಅವತ್ತೇ ಹೇಳ್ಬಾರ್ದಿತ್ತಾ? ಹದಿನಾರರ ಮಗೂನ ಮನೆಗೆ ತಂದ್ಕೊಂಡು ದಿನಾ ಜಡೆ ಹಾಕ್ತಾ ಕೂತ್ಕೋಬೇಕಲ್ಲಾ ಅಂತ ನಾನು ಸುಮ್ನಾದೆ. ಅದ್ರ ಮೇಲೆ ನೀವು ಡಬಲ್ ಪ್ರಮೋಷನ್ ಬೇರೆ ಅಂದ್ರಿ. ನಮ್ಮೋನು ಇಂಟರ್‌ಮೀಡಿಯಟ್ಟಿಗೇ ಎರಡ್ಸಲ ಕೂತೋನು. ಅಷ್ಟು ಬುದ್ಧಿವಂತೆ ನಂಗೆ ಬೇಡ ಕಣಮ್ಮ ಅಂತ ಹೆದರಿಬಿಟ್ಟ."

ಡಬಲ್ ಪ್ರಮೋಷನ್ ಕೂಡ ಸುಳ್ಳೆಂದು ನಾರಾಯಣಮ್ಮ ಎಷ್ಟು ಸಂತೋಷದಿಂದ ಒಪ್ಪಿಕೊಂಡರೆಂದರೆ, ಗಣಿತದ ವಿಷಯವೂ ತಾನಾಗಿ ಹೊರಬಂತು. ಮುನಿರಾಜುವಿನ ಮುಖದಲ್ಲಿ ಮೊದಲ ಬಾರಿಗೆ ರಕ್ತ ಓಡಾಡಿತು. ಅವನೂ ಆ ದಿನವಷ್ಟೇ ಕಲಿಯುವವನ ಲೈಸೆನ್ಸ್ ಪಡೆದಿದ್ದ. ಇಷ್ಟು ದಿನ ಕಾರು ಓಡಿಸುತ್ತಿದ್ದವರು ಯಾರೆಂದು ನಾರಾಯಣಮ್ಮ ಕೇಳಲಿಲ್ಲ. ಆ ಹೊತ್ತಿನಲ್ಲಿ ಅವರು ಯಾರಿಗೆ ಏನನ್ನು ಬೇಕಾದರೂ ಕ್ಷಮಿಸುವವರಿದ್ದರು. ಶುಕ್ರವಾರ ಹೆಣ್ಣು ನೋಡಲು ಬರಲೇ ಎಂದು ಮುನಿಶಾಮಮ್ಮ ಕೇಳಿ ಮುಗಿಸುವ ಮೊದಲೇ, ಬನ್ನಿ, ಖಂಡಿತ ಬನ್ನಿ, ಎಂದುಬಿಟ್ಟರು.

ಆಗ ಪಂಕಜ ಬಾಯಿ ಬಿಟ್ಟಳು. ದನಿ ಬಹಳ ಮೆತ್ತಗಿತ್ತು.

"ಅಮ್ಮ, ಹದಿನಾರೇ ಆಗಿದ್ದಿದ್ರೆ ನೀನು ಹೇಳಿದ ಹಾಗೆ ಕೇಳ್ಕೊಂಡು ಕೂತ್ಕೋತಿದ್ದೆ. ಈಗ ಹದಿನೆಂಟು ಅಂತ ನೀನೇ ಸರ್ಕಾರದ ಮುಂದೆ ಹೇಳಿದೀಯ. ಡಿಗ್ರಿ ಮುಗೀಲಿ, ಕಾರು ಕಲಿಯೋದೂ ಆಗ್ಲಿ. ಆಮೇಲೆ ಯೋಚ್ನೆ ಮಾಡಿ ನಾನೇ ಹೇಳ್ತೀನಿ."

ಮುನಿಶಾಮಮ್ಮ ಬೇಸರಪಡುತ್ತಾರೇನೋ ಎಂದುಕೊಂಡರೆ, ಅವರು ಮಗನಿಗೆ ಮೊಣಕೈಯಿಂದ ತಿವಿದು, ನೋಡು ಎಷ್ಟು ತಿಳಿವಳಿಕೆಯ ಮಾತು, ಇದಪ್ಪಾ ಹದಿನೆಂಟು ಅಂದ್ರೆ ಎಂದು ಮೆಚ್ಚಿಕೊಂಡರು. ಅವಸರವೇನೂ ಇಲ್ಲ, ಕಾಯುತ್ತೇವೆ ಎಂದರು. ಮುನಿರಾಜುವೂ ತಲೆಯಾಡಿಸಿದ.

ನಾರಾಯಣಮ್ಮನ ಪರವಾಗಿ ಮಾತಾಡುವವರು ಆ ಮರದ ಕೆಳಗೆ ಒಬ್ಬರೂ ಉಳಿಯಲಿಲ್ಲ. ಅವರು ಆಫೀಸಿನ ಬಾಗಿಲತ್ತ ತಿರುಗಿ ನೋಡಿದರು. ಪೂರ್ತಿ ಎರಡು ವರ್ಷವಲ್ಲದಿದ್ದರೂ ಒಂದನ್ನಾದರೂ ಇಳಿಸಿ ಬರೆದುಕೊಳ್ಳುತ್ತಾರೆಯೇ ಎಂದು ಕೇಳೋಣವೆಂದರೆ, ಗುಮಾಸ್ತ ಊಟಕ್ಕೆದ್ದು ಚಿಲಕ ಹಾಕುತ್ತಿದ್ದ.