ಕಾರ್ಡಿನೊಳಗಿನ ತಾತ

ರಿಪೇರಿಗೆ ಬಂದ ಗೋಡೆ ಗಡಿಯಾರವೊಂದರ ಬೆನ್ನು ಬಿಚ್ಚಿದಾಗ ಒಳಗಿಂದ ಹಳೇ ಚಿತ್ರದ ಪೋಸ್ಟ್‌ಕಾರ್ಡೊಂದು ಬಿತ್ತು. ಅದನ್ನು ಹಾಗೇ ಒಳಗೆ ತುರುಕಿ ಮುಚ್ಚಳ ಹಾಕಿದ್ದರೆ ಗಡಿಯಾರದವನ ದಿನ ನೆಟ್ಟಗೆ ಕಳೆಯುತ್ತಿತ್ತು.

ಅವರದೇ ಬೀದಿಯ ಚಿತ್ರ ಅದು. ಕೊನೆಯಲ್ಲಿ ಈಗಲೂ ನಿಂತಿರುವ ಗಂಟೆ ಗೋಪುರ. ಅಂಚಿನಲ್ಲಿ ಬಳ್ಳಿ ಚಿತ್ತಾರದ ಬಟ್ಟೆ ಹೊದಿಸಿದ ಮೇಜು. ಅದರ ಹಿಂದೆ ಎದೆ ಸೆಟೆಸಿ ಕೂತ ಮೀಸೆಯವನು.

"ನಮ್ಮ ತಾತ!" ಎಂದು ಕೂಗಿದ. ತಾತನ ಮುಖ ಕಂಡವನೇ ಅಲ್ಲ ಅವನು. ಆದರೆ ತಾತನೂ ಇದೇ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದನೆಂದು ಅಪ್ಪ ಹೇಳಿದ್ದ. ಮೇಜೂ ಮೀಸೆಯೂ ಇರುವಾಗ ಇನ್ನೇನು ಬೇಕು?

ಗಡಿಯಾರದವನು ಮೇಜು ಹಾಕಿ ಕೂರುತ್ತಿದ್ದದ್ದು ಬೇಕರಿಯ ಮುಂದಿನ ನೆರಳಲ್ಲಿ. ಅಲ್ಲಿ ಐಸ್‌ಕ್ರೀಂ ಪೆಟ್ಟಿಗೆ ಇಡಬೇಕೆಂದು ಬೇಕರಿಯವನು ದಿನಾ ಗೊಣಗುತ್ತಿದ್ದ. ಅವನ ಬಾಯಿ ಮುಚ್ಚಿಸಲು ಇದೇ ಸಮಯವೆಂದು ಕಾರ್ಡು ಹಿಡಿದು ಹೋದ.

"ನೋಡಿ ಸಾವ್ಕಾರ್ರೇ, ತಾತನ ಕಾಲದ ಜಾಗ ಇದು. ಇನ್ಮೇಲೆ ಏಳು ಅನ್ನಬೇಡಿ."

ಕಾರ್ಡು ನೋಡುತ್ತ ನೋಡುತ್ತ ಬೇಕರಿಯವನ ಮುಖ ಒಲೆಯೊಳಗಿನ ಬನ್ನಿನ ಹಾಗೆ ಉಬ್ಬಿತು. "ಅಣ್ಣಾ, ಗೋಪುರದ ಕಡೆ ಮುಖ ಮಾಡಿದ್ರೆ ನನ್ನ ಬೇಕರಿ ಬಲಗಡೆ. ನಿಮ್ಮ ತಾತ ಕೂತಿರೋದು ಎಡಗಡೆ! ಹಿರಿಯರ ಜಾಗ ಬಿಟ್ಟು ಇಲ್ಲಿ ಯಾಕೆ ಒದ್ದಾಡ್ತೀರಿ?"

ಕ್ಷೌರದವನು ಬ್ರಷ್ಷು ಹಿಡಿದೇ ಬಂದ. ಅವನ ಹಿಂದೆ ಅರ್ಧ ಕೆನ್ನೆಗೆ ನೊರೆ ಹಚ್ಚಿಸಿಕೊಂಡ ಮೇಷ್ಟ್ರು.

"ಬೇಕರಿ ಕಡೆ ಕುಕ್ಕರಗಾಲಲ್ಲಿ ಕೂತು ನೆಲ ಕೆರೀತಿದಾನಲ್ಲ, ಇವನ್ಯಾರು?" ಎಂದ ಕ್ಷೌರದವನು, ಕಾರ್ಡಿಗೆ ಇಣುಕಿ.

"ಯಾರೋ ಕುಡುಕ ಇರ್ಬೇಕು ಬಿಡಿ," ಎಂದ ಗಡಿಯಾರದವನು, ತಾತನ ಗತ್ತಿನಲ್ಲೇ.

ಮೇಷ್ಟ್ರು ನೊರೆ ಒರೆಸಿಕೊಂಡು ತೀರ್ಪು ಕೊಟ್ಟರು: "ಇತಿಹಾಸ ಅಂದ್ರೆ ಹುಡುಗಾಟ ಅಲ್ಲಪ್ಪ. ಎತ್ರೋ ಮೇಜು!"

ಬೇಡ ಅನ್ನಲು ಗಡಿಯಾರದವನು ಬಾಯಿ ತೆರೆಯುವಷ್ಟರಲ್ಲಿ ಮೇಜು ರಸ್ತೆ ದಾಟಿತ್ತು. ಬಾಯಿ ಮುಚ್ಚುವಷ್ಟರಲ್ಲಿ ನೆರಳಿಗೆ ಐಸ್‌ಕ್ರೀಂ ಪೆಟ್ಟಿಗೆ ಬಂದಿತ್ತು.

ಎಡಗಡೆ ಎಂದರೆ ಬೆಂಕಿಯಂಥ ಬಿಸಿಲು, ಪಕ್ಕದಲ್ಲೇ ಚರಂಡಿ. ಬೆವರು ಗಡಿಯಾರದೊಳಗೆ ತೊಟ್ಟಿಕ್ಕಿತು. ಹಳೇ ಗಿರಾಕಿಯೊಬ್ಬ ನೆರಳಲ್ಲಿ ಅವನನ್ನು ಹುಡುಕಿ, ಕಾಣದೆ, ಐಸ್‌ಕ್ರೀಂ ನೆಕ್ಕುತ್ತ ಹೊರಟುಹೋದ. ಕೊನೆಗೆ ಸಾಸಿವೆಯಷ್ಟು ಸ್ಕ್ರೂ ಒಂದು ಚಿಮಟದಿಂದ ಹಾರಿ ಚರಂಡಿಯಂಚಿಗೆ ಬಿತ್ತು. ಸಣ್ಣದನ್ನು ದೊಡ್ಡದಾಗಿ ತೋರಿಸುವ ಕಣ್ಗಾಜನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು, ಕುಕ್ಕರಗಾಲಲ್ಲಿ ಕೂತು ತಡಕತೊಡಗಿದ.

ಊಟದ ಡಬ್ಬಿ ತಂದ ಹೆಂಡತಿ ಬೀದಿಯೆಲ್ಲ ಹುಡುಕಿ ಇಲ್ಲಿಗೆ ಬಂದಳು. "ಇದೇನ್ರೀ ಅವತಾರ?"

ಕತೆಯೆಲ್ಲ ಕೇಳಿ, ಅವನ ಕಣ್ಗಾಜು ಕಿತ್ತುಕೊಂಡು ಕಾರ್ಡು ನೋಡಿದಳು. "ರೀ, ಈ ಗೋಪುರದ ಗಡಿಯಾರದಲ್ಲಿ ಹನ್ನೆರಡಾದ್ಮೇಲೆ ಒಂದು ಎಡಗಡೆಗೆ ಇದೆಯಲ್ಲ! ಚಿತ್ರ ತಿರುಗಾಮುರುಗಾ ಅಚ್ಚಾಗಿದೆ. ಜೀವಮಾನವೆಲ್ಲ ಗಡಿಯಾರದ ಬೆನ್ನೇ ನೋಡ್ತೀರಿ, ಮುಖ ಯಾವತ್ತು ನೋಡಿದ್ರಿ?"

ಗಡಿಯಾರದವನು ಕ್ಷೌರದಂಗಡಿಗೆ ಓಡಿದ. ಬೀದಿಯವರೆಲ್ಲ ಹಿಂದೆಯೇ ನುಗ್ಗಿದರು. ಕನ್ನಡಿಗೆ ಕಾರ್ಡು ಹಿಡಿದರೆ ಮೇಜು ಬಲಗಡೆ, ಬೇಕರಿಯ ಮುಂದೆಯೇ!

"ನೋಡಿದ್ರಾ ಸಾವ್ಕಾರ್ರೇ? ಪೆಟ್ಟಿಗೆ ತೆಗೀರಿ!"

ಬೇಕರಿಯವನು ಕಣ್ಗಾಜು ಇಸಕೊಂಡು ಕನ್ನಡಿಗೆ ಮೂಗು ತಾಗಿಸಿ ನಿಂತ. ಮೇಜಿನ ಬಟ್ಟೆಯ ಬಳ್ಳಿ ಚಿತ್ತಾರ ಕನ್ನಡಿಯೊಳಗೆ ನೆಟ್ಟಗಾಗಿ ಅಕ್ಷರವಾಗಿತ್ತು: ಬಿಸಿ ಬನ್ನು.

"ಅಯ್ಯೋ, ಇವರು ನಮ್ಮ ತಾತ ಕಣ್ರೀ!" ಅವನು ಮೀಸೆಯ ಮೇಲೆ ಬೆರಳಿಟ್ಟ. "ನಮ್ಮಪ್ಪನಿಗೂ ಹೀಗೇ ಇತ್ತು ಮೀಸೆ."

ಮೇಷ್ಟ್ರೇ ಕೇಳಿದರು, "ಹಾಗಾದ್ರೆ ಇವನ ತಾತ?"

ಹೆಂಡತಿ ಕಣ್ಗಾಜನ್ನು ಮೆಲ್ಲಗೆ ಕನ್ನಡಿಯಲ್ಲಿನ ಬೀದಿಯ ಎಡಬದಿಗೆ ಸರಿಸಿದಳು. "ರೀ, ಆ ಕುಡುಕನ್ನ ಒಂಚೂರು ನೋಡಿ."

ಬಿಸಿಲ ಬದಿಯಲ್ಲಿ, ಚರಂಡಿಯ ಅಂಚಿನಲ್ಲಿ, ಕುಕ್ಕರಗಾಲಲ್ಲಿ ಕೂತ ಬಡಕಲು ಮನುಷ್ಯ. ಒಂದು ಕಣ್ಣಿಗೆ ಕಣ್ಗಾಜು. ಎರಡು ಬೆರಳು ನೆಲದ ಮೇಲೆ, ಏನೋ ಸಣ್ಣದನ್ನು ಹುಡುಕುತ್ತ.

ಗಡಿಯಾರದವನು ಬಹಳ ಹೊತ್ತು ನೋಡಿದ. ಆಮೇಲೆ ಕಾರ್ಡನ್ನು ಜೇಬಿಗಿಟ್ಟು, ರಸ್ತೆ ದಾಟಿ, ಚರಂಡಿಯ ಪಕ್ಕ ಅದೇ ಜಾಗದಲ್ಲಿ ಕೂತ.

"ಊಟ ಮಾಡ್ರೀ ಮೊದಲು," ಎಂದಳು ಹೆಂಡತಿ.

"ಇರೇ," ಎಂದ ಅವನು, ನೆಲ ತಡಕುತ್ತ. "ನಂದೂ ತಾತಂದೂ, ಇಬ್ಬರದ್ದೂ ಸ್ಕ್ರೂ ಹುಡುಕಬೇಕು."