ಪ್ರಪಂಚ, ನಾನು ಮತ್ತು ಒಂದು ಗೇಣು ಮೂಲೆ

ನನ್ನ ಹೆಂಡತಿಗೆ ಪ್ರಪಂಚದ ಬಗ್ಗೆ ಕಿಂಚಿತ್ತೂ ಕಾಳಜಿಯಿಲ್ಲ. ದೂರುತ್ತಿದ್ದೇನೆ ಎಂದುಕೊಳ್ಳಬೇಡಿ, ಇದ್ದದ್ದು ಹೇಳುತ್ತಿದ್ದೇನೆ. ಮೊನ್ನೆ ಭೂಗೋಳದ ಆ ಬದಿಯಲ್ಲಿ ಒಂದು ಸರ್ಕಾರವೇ ಉರುಳಿಬಿತ್ತು. ನಾನು ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು, "ಕೇಳಿದ್ಯೇನೇ? ಸರ್ಕಾರ ಬಿತ್ತು!" ಎಂದು ಕೂಗಿದೆ. ಅವಳು ತಲೆಯನ್ನೂ ಎತ್ತದೆ, "ಪೆಟ್ಟಿಗೆ ಬೀಳದ ಹಾಗೆ ನೋಡ್ಕೊಳ್ಳಿ, ಕೆಳಗೆ ಹಲ್ಲು ಡಾಕ್ಟರ ಕೋಟಿದೆ" ಎಂದಳು. ಇಂಥವಳ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ನಾನು ಲೋಕಚಿಂತಕನಾಗಿಯೇ ಉಳಿದಿದ್ದೇನೆ ಎಂದರೆ ನನ್ನ ಗಟ್ಟಿತನವನ್ನು ನೀವೇ ಅಂದಾಜು ಮಾಡಿ.

ನಮ್ಮದು ಇಸ್ತ್ರಿ ಅಂಗಡಿ. ಅಪ್ಪನ ಕಾಲದಿಂದ ನಡೆದುಬಂದದ್ದು. ಆಗ ಇಸ್ತ್ರಿ ಮಾಡಿದ ಬಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆವು. ಸುತ್ತುವ ಕೆಲಸ ನನ್ನದು, ಹದಿನೈದರ ಹುಡುಗ. ಸುತ್ತುವುದಕ್ಕೆ ಮುಂಚೆ ಓದುತ್ತಿದ್ದೆ. ಆದರೆ ಷರ್ಟಿಗೆ ಅರ್ಧ ಹಾಳೆ ಸಾಕು ಎಂದು ಅಪ್ಪ ಪೇಪರನ್ನು ಮೊದಲೇ ಹರಿದಿಡುತ್ತಿದ್ದ. ಹಾಗಾಗಿ ಪ್ರಪಂಚದ ಸುದ್ದಿಯೆಲ್ಲ ನನಗೆ ಅರ್ಧರ್ಧವೇ ಸಿಗುತ್ತಿತ್ತು. ಯಾವುದೋ ದೇಶದ ರಾಜ ವಿಮಾನ ಹತ್ತುತ್ತಿದ್ದ, ಇಳಿದನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇಳಿದ ಭಾಗ ಯಾರದೋ ಪ್ಯಾಂಟಿನ ಜೊತೆ ಹೋಗಿರುತ್ತಿತ್ತು. ಮಿಕ್ಕದ್ದನ್ನು ನಾನೇ ಯೋಚಿಸಿ ಪೂರ್ತಿ ಮಾಡಿಕೊಳ್ಳಬೇಕಾಗಿತ್ತು. ನಾನು ವಿಶ್ಲೇಷಕನಾದದ್ದು ಹೀಗೆ. (ಅಪ್ಪ ಇದಕ್ಕೆ 'ಕೆಲಸಗಳ್ಳತನ' ಎನ್ನುತ್ತಿದ್ದ. ಅವನ ಶಬ್ದಭಂಡಾರ ಚಿಕ್ಕದು.)

ಆ ವರ್ಷವೇ ಶಾಲೆಯ ಹಲಗೆಯ ಮೇಲೆ 'ಇಂದಿನ ಸುದ್ದಿ' ಬರೆಯಲು ಹೆಡ್ಮಾಸ್ಟರು ನನ್ನನ್ನು ಆರಿಸಿದರು. ಬರೆದು ಮುಗಿಸಿದಾಗ ಬೆನ್ನು ತಟ್ಟಿ, "ಅಕ್ಷರ ದುಂಡಗಿದೆ ಕಣೋ" ಎಂದರು. ವಿಷಯದ ಬಗ್ಗೆ ಏನೂ ಹೇಳಲಿಲ್ಲ, ಮಾತು ಹೊರಡದಷ್ಟು ಮೆಚ್ಚಿಕೊಂಡಿರಬೇಕು ಎಂದು ನಾನು ತಿಳಿದುಕೊಂಡೆ. ಆ ಬೆನ್ನು ತಟ್ಟಿದ ಬಿಸಿ ಇವತ್ತಿಗೂ ಆರಿಲ್ಲ.

ಒಂಬತ್ತು ವರ್ಷದ ಹಿಂದೆ ಅದೇ ಶಾಲೆಯವರು ಹಳೇ ಕರಿಹಲಗೆಯನ್ನು ಎಸೆಯಲು ಹೊರಟಾಗ ನಾನು ಕಾಡಿ ಬೇಡಿ ಹೊತ್ತು ತಂದೆ. ಅಂಗಡಿಯ ಮುಂದೆ ಫುಟ್‌ಪಾತಿನ ಮೇಲೆ ಎರಡು ಕಂಬ ನೆಟ್ಟು ನಿಲ್ಲಿಸಿದೆ. ಮೇಲುಗಡೆ ದಪ್ಪಕ್ಷರದಲ್ಲಿ 'ಪ್ರಪಂಚ ಮತ್ತು ನಾನು' ಎಂಬ ತಲೆಬರಹ. ದಿನಾ ಬೆಳಗ್ಗೆ ಆರಕ್ಕೆ ಒಂದು ವಿಶ್ವವಾರ್ತೆ, ಅದರ ಮೇಲೆ ನನ್ನ ಜೀವನಾನುಭವ, ಕೊನೆಗೆ ಹದಿಹರೆಯದ ಒಂದು ನೆನಪು. ಎಲ್ಲೋ ಪ್ರವಾಹ ಬಂದರೆ ನಾನು ಹದಿನಾಲ್ಕರಲ್ಲಿ ನಲ್ಲಿ ಮುಚ್ಚಲು ಮರೆತ ಪ್ರಸಂಗ. ಎಲ್ಲೋ ಚುನಾವಣೆಯಾದರೆ ನಾನು ತರಗತಿಯ ನಾಯಕತ್ವಕ್ಕೆ ನಿಂತು ಒಂದು ಓಟು ಪಡೆದ ಪ್ರಸಂಗ. (ಆ ಒಂದು ನನ್ನದೇ ಎಂಬುದನ್ನು ಬರೆಯಲಿಲ್ಲ. ಮತದಾನ ಗುಪ್ತ.)

ಹಲಗೆ ನೆಟ್ಟ ವಾರದಲ್ಲೇ ಹೆಂಡತಿ ಕೆಳಗಿನ ಬಲಮೂಲೆಯಲ್ಲಿ ಒಂದು ಗೇಣು ಜಾಗ ಕೇಳಿದಳು. ಗಿರಾಕಿಗಳು ಒಂದೆರಡು ಸಲ ಹಾಕಿ ಬಿಚ್ಚಿದ, ಇನ್ನೂ ಒಗೆಯದ ಬಟ್ಟೆಯನ್ನೂ ಜೇಬು ಖಾಲಿ ಮಾಡದೆ ಇಸ್ತ್ರಿಗೆ ಕೊಡುತ್ತಾರೆ. ಪೆಟ್ಟಿಗೆ ಒತ್ತುವ ಮುಂಚೆ ಜೇಬು ನೋಡುವುದು ಅವಳ ಕೆಲಸ. ಒಂದೇ ರಾಶಿಯಲ್ಲಿ ನಾಲ್ಕು ಮನೆಯ ಬಟ್ಟೆ ಕಲೆತಿರುತ್ತದೆ. ಸಿಕ್ಕಿದ ಸಾಮಾನು ಯಾರದು ಎಂದು ಗೊತ್ತಾಗಬೇಕಲ್ಲ? ಸಂಜೆ ಅಂಗಡಿ ಮುಚ್ಚುವಾಗ ಅವಳು ಆ ಮೂಲೆಯಲ್ಲಿ 'ಜೇಬಿನಲ್ಲಿ ಸಿಕ್ಕಿದ್ದು' ಎಂದು ಎರಡು ಸಾಲು ಗೀಚುವಳು. ಹೆಸರು ಹಾಕುವುದಿಲ್ಲ. 'ನೀಲಿ ಪ್ಯಾಂಟು: ಬೀಗದ ಕೈ ಒಂದು.' 'ಬೂದು ಪ್ಯಾಂಟು: ಬೆಂಕಿಪೊಟ್ಟಣ. ಸಿಗರೇಟು ಬಿಟ್ಟೆ ಅಂದವರು ಬಂದು ತಗೊಳ್ಳಿ.' 'ಬಿಳಿ ಷರ್ಟು: ಕವಿತೆ ಅರ್ಧ. ಉಳಿದರ್ಧ ಬೇಡ.' ವಿಶ್ವಶಾಂತಿಯ ಪಕ್ಕದಲ್ಲಿ ಬೆಂಕಿಪೊಟ್ಟಣ! ನಾನು ದೊಡ್ಡ ಮನಸ್ಸು ಮಾಡಿ ಸಹಿಸಿಕೊಂಡೆ.

ಬೆಳಗ್ಗೆ ಏಳೂವರೆಯಾದರೆ ಹಲಗೆ ಮುಂದೆ ಹದಿನೈದಿಪ್ಪತ್ತು ಜನ. ಬಸ್ ಕಂಡಕ್ಟರು, ನರ್ಸಮ್ಮ, ಬ್ಯಾಂಕಿನವರು, ಎಲ್ಲರೂ ಕತ್ತು ಚಾಚಿ ನಿಂತಿರುತ್ತಿದ್ದರು. ಅವರಲ್ಲೆಲ್ಲ ನನ್ನ ಪ್ರಧಾನ ಓದುಗರು ರಿಟೈರಾದ ಪೋಸ್ಟ್‌ಮ್ಯಾನ್ ತಾತ. ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಹತ್ತು ನಿಮಿಷ ನಿಲ್ಲುತ್ತಿದ್ದರು. ಸಾಲುಸಾಲಿಗೂ ತಲೆದೂಗುತ್ತಿದ್ದರು. ಒಳಗೆ ಕಾಲರಿಗೆ ನೀರು ಚಿಮುಕಿಸುತ್ತ ನಾನು ಅದನ್ನು ಓರೆಗಣ್ಣಿನಲ್ಲಿ ನೋಡಿ ಉಬ್ಬಿಹೋಗುತ್ತಿದ್ದೆ. ಯಾವ ಪತ್ರಿಕೆಯ ಸಂಪಾದಕನಿಗೆ ತನ್ನ ಓದುಗನ ತಲೆದೂಗು ಕಣ್ಣಾರೆ ನೋಡುವ ಭಾಗ್ಯವಿದೆ, ಹೇಳಿ?

ಹೀಗಿರುವಾಗ ನಗರಸಭೆಯಿಂದ ನೋಟೀಸು ಬಂತು. ಫುಟ್‌ಪಾತಿನ ಮೇಲಿರುವ ಹಲಗೆಯಿಂದ ಸಾರ್ವಜನಿಕರಿಗೆ ಪ್ರಯೋಜನವಿದೆಯೇ ಎಂದು ಗುರುವಾರ ಬೆಳಗ್ಗೆ ರಸ್ತೆ ಮೇಲ್ವಿಚಾರಕರು ಬಂದು ನೋಡುತ್ತಾರೆ, ಇಲ್ಲವೆಂದು ಕಂಡರೆ ಅಂದೇ ಕಿತ್ತುಹಾಕುತ್ತಾರೆ. ಸುಳ್ಳು ಯಾಕೆ ಹೇಳಲಿ, ಆ ಹಲಗೆಯೊಂದು ಹೋದರೆ ನಾನು ಬರೀ ಇಸ್ತ್ರಿಯವನು. ಬೆಳಗ್ಗೆ ಆರು ಗಂಟೆಗೆ ಏಳಲು ನನಗೆ ಬೇರೆ ಕಾರಣವೇ ಇರಲಿಲ್ಲ.

ಆಮೇಲೆ ನನಗೊಂದು ಅಮೋಘ ಉಪಾಯ ಹೊಳೆಯಿತು. ಬರುವ ಸಾಹೇಬರು ಬೆರಗಾಗಿ ನಿಲ್ಲುವಂಥ ಲೇಖನ ಬರೆಯಬೇಕು! ಎರಡು ದೇಶಗಳ ಗಡಿ ಮಾತುಕತೆ ಮುರಿದುಬಿದ್ದ ಸುದ್ದಿ ಆಗತಾನೇ ಬಂದಿತ್ತು. ಅದಕ್ಕೆ ನಾನು ಮತ್ತು ನನ್ನ ತಮ್ಮ ಮಲಗುತ್ತಿದ್ದ ಮಂಚದ ಕಥೆ ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಮಂಚ, ಇಬ್ಬರು ಅಣ್ಣತಮ್ಮಂದಿರು, ಹಾಸಿಗೆಯ ನಡುವೆ ಸೀಮೆಸುಣ್ಣದ ಗೆರೆ. ಅವನ ಮಂಡಿ ಗೆರೆ ದಾಟಿದರೆ ನನ್ನ ಮೊಣಕೈಯೂ ದಾಟುತ್ತಿತ್ತು. ಮೂರು ತಿಂಗಳು ಕದನ ನಡೆದು, ಒಂದು ದಿನ ಅಮ್ಮ ಹಾಸಿಗೆಯನ್ನು ಅಡ್ಡಡ್ಡ ಹಾಸಿದಳು. ಗೆರೆ ನಮ್ಮಿಬ್ಬರ ಹೊಟ್ಟೆಯ ಕೆಳಗೆ ಬಂದು, ಯಾವ ಕಡೆ ಯಾರದೆಂದು ತಿಳಿಯದೆ ಜಗಳ ನಿಂತುಹೋಯಿತು.

ಬುಧವಾರ ಸಂಜೆಯೇ ಹೆಂಡತಿಗೆ ಹೇಳಿದೆ, "ನಾಳೆ ಒಂದು ದಿನ ನಿನ್ನ ಮೂಲೆ ನನಗೆ ಬೇಕು."

"ಅದು ಮಾತ್ರ ಆಗಲ್ಲ. ಈಗಷ್ಟೇ ಬರೆದಿದ್ದೀನಿ, ಯಾರೋ ಪಾಪ ಹುಡುಕ್ತಿರ್ತಾರೆ."

"ಲೇ, ನಾನು ವಿಶ್ವಶಾಂತಿ ಬರೀತಿದ್ದೀನಿ! ಪ್ರಪಂಚಕ್ಕಿಂತ ದೊಡ್ಡದೇನೇ ಕಂಡವರ ಜೇಬು?"

"ನಿಮ್ಮ ಪ್ರಪಂಚ ಒಂದು ಗೇಣು ಕಮ್ಮಿಯಾದ್ರೆ ಮುಳುಗಿಹೋಗತ್ತಾ? ಆ ಮಂಚದ ಕಥೆ ಇದು ಏಳನೇ ಸಲ ರೀ."

"ಆರನೇ ಸಲ!"

ಹತ್ತನೇ ತರಗತಿಯ ಮಗಳು ಪುಸ್ತಕದ ಹಿಂದಿನಿಂದ, "ಏಳು ಅಪ್ಪಾ. ನನ್ನ ಹುಟ್ಟುಹಬ್ಬದ ದಿನಾನೂ ಅದೇ ಬರೆದಿದ್ರಿ" ಎಂದಳು. ಮನೆಯಲ್ಲಿ ಇಬ್ಬರು ಹೆಂಗಸರಿದ್ದರೆ ಬಹುಮತ ಎಲ್ಲಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಗುರುವಾರ ಬೆಳಗ್ಗೆ ಐದಕ್ಕೇ ಎದ್ದೆ. ಬರೆದೆ, ಬರೆದೆ, ಬಲಮೂಲೆಯ ಅಂಚಿಗೆ ಬರುವ ಹೊತ್ತಿಗೆ ಕಥೆಯೊಳಗಿನ ಅಮ್ಮ ಇನ್ನೂ ಹಾಸಿಗೆ ಮಡಿಸುತ್ತಿದ್ದಳು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಒದ್ದೆ ಬಟ್ಟೆಯಿಂದ ಹೆಂಡತಿಯ ಮೂಲೆಯನ್ನು ಒಂದೇ ಏಟಿಗೆ ಒರೆಸಿಬಿಟ್ಟೆ. ಅಲ್ಲಿ ಏನೋ ಒಂದು ಸಾಲು ಇತ್ತು. ಓದುವ ವ್ಯವಧಾನ ಯಾರಿಗಿತ್ತು?

ಏಳೂವರೆಗೆ ಮೇಲ್ವಿಚಾರಕರು ಬಂದರು. ಎರಡು ರಸ್ತೆ ಆಚೆಗೆ ಅವರ ಮನೆ. ಮುಖ ಕಂಡಿದ್ದೆನೇ ಹೊರತು ಮಾತಿಲ್ಲ. ಅವರ ತಾಯಿ ಬಂದು ನಮ್ಮಲ್ಲೇ ಬಟ್ಟೆ ಕೊಟ್ಟುಹೋಗುತ್ತಾರೆ. ಕಣ್ಣು ಕಿರಿದು ಮಾಡಿಕೊಂಡು ಹಲಗೆಯನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ತಲೆ ಓರೆ ಮಾಡಿ ಮತ್ತೊಮ್ಮೆ ನೋಡಿದರು. ನನ್ನ ಶೈಲಿಗೆ ಮನಸೋತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಓದುಗಬಳಗವೂ ಬಂದು ನೆರೆಯಿತು. "ನೋಡಿ ಸಾರ್, ದಿನಾ ಹೀಗೇ" ಎಂದೆ, ಆದಷ್ಟು ವಿನಯದಿಂದ.

ಕಂಡಕ್ಟರು ಮುಂದೆ ಬಂದು ಕೆಳಗೆ ಬಗ್ಗಿದರು. ಮತ್ತೆ ಬಗ್ಗಿದರು. "ಇದೇನ್ರೀ, ಮೂಲೆ ಎಲ್ಲಿ?"

"ಮೂಲೆ ಇಲ್ವಾ? ನನ್ನ ಲಾಕರ್ ಕೀ ಕಾಣ್ತಿಲ್ಲ ಅಂತ ಓಡಿಬಂದೆ" ಎಂದರು ನರ್ಸಮ್ಮ.

"ಇವತ್ತು ರಜಾ ಇರ್ಬೇಕು, ನಡೀರಿ" ಎಂದಿತು ಹಿಂದಿನಿಂದ ಒಂದು ದನಿ. ಎರಡು ನಿಮಿಷದಲ್ಲಿ ನನ್ನ ಅರ್ಧ ಬಳಗ ಕರಗಿತು.

ಮೇಲ್ವಿಚಾರಕರು ಕಂಡಕ್ಟರನ್ನು ತಡೆದರು. "ಸ್ವಲ್ಪ ನಿಲ್ಲಿ. ಈ ಮೇಲೆ ಬರೆದಿರೋದನ್ನ ನೀವು ಓದಲ್ವಾ?"

"ಮೇಲೆ ಬರೆದಿರೋದಾ?" ಕಂಡಕ್ಟರು ಮೊದಲ ಸಲ ತಲೆಯೆತ್ತಿ ನೋಡಿದರು. "ಒಂಬತ್ತು ವರ್ಷದಿಂದ ದಿನಾ ನಿಲ್ತೀನಿ ಸಾರ್. ದೇವರಾಣೆಗೂ ಗಮನಿಸಿಲ್ಲ. ಶಾಲೆ ಹಲಗೆ ಅಲ್ವಾ, ಪಾಠ ಅಳಿಸಿಲ್ಲ ಅಂದ್ಕೊಂಡಿದ್ದೆ."

ನನ್ನ ಕಾಲ ಕೆಳಗಿನ ಫುಟ್‌ಪಾತು ಸರಿದಂತಾಯಿತು. ಕೊನೆಯ ಆಸೆಯಿಂದ ಪೋಸ್ಟ್‌ಮ್ಯಾನ್ ತಾತನ ಕಡೆ ತಿರುಗಿದೆ. "ತಾತಾ, ನೀವಾದರೂ ಹೇಳಿ! ದಿನಾ ಹತ್ತು ನಿಮಿಷ ನಿಂತು ತಲೆದೂಗ್ತೀರಲ್ಲ!"

"ಇಲ್ಲಿ ನೆರಳು ಚೆನ್ನಾಗಿದೆ ಕಣಪ್ಪಾ" ಎಂದರು ತಾತ ಅಕ್ಕರೆಯಿಂದ. "ತಲೆ ಅಲ್ಲಾಡೋದು ವಯಸ್ಸಿಗೆ. ಮನೇಲೂ ಅಲ್ಲಾಡತ್ತೆ."

ಮೇಲ್ವಿಚಾರಕರು ಜೇಬಿನಿಂದ ಕಾಗದ ತೆಗೆದರು. "ಹಾಗಾದ್ರೆ ಪ್ರಯೋಜನ ಇಲ್ಲ ಅಂತ ಬರೀಬೇಕಾಗತ್ತೆ. ನಿಜ ಹೇಳ್ಬೇಕು ಅಂದ್ರೆ ನಂಗೂ ಏನೂ ಓದೋಕೆ ಆಗ್ಲಿಲ್ಲ. ನಿನ್ನೆಯಿಂದ ಕನ್ನಡಕ ಕಳ್ಕೊಂಡಿದ್ದೀನಿ."

ಒಳಗಿನಿಂದ ಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು. ಹೆಂಡತಿ ಹೊರಗೆ ಬಂದಳು. ಹಲಗೆಯ ಬಲಮೂಲೆಯನ್ನು ನೋಡಿದಳು, ನನ್ನನ್ನು ನೋಡಿದಳು. (ಆ ನೋಟವನ್ನು ವರ್ಣಿಸುವುದಿಲ್ಲ, ಮದುವೆಯಾದವರಿಗೆ ಬೇಕಾಗಿಲ್ಲ, ಆಗದವರಿಗೆ ಹೆದರಿಕೆಯಾಗುತ್ತದೆ.) ಆಮೇಲೆ ಡಬ್ಬಿಯೊಂದನ್ನು ತೆರೆದಳು.

"ನರ್ಸಮ್ಮಾ, ತಗೊಳ್ಳಿ ನಿಮ್ಮ ಕೀ, ಇನ್ನೂ ಬರೆದಿರಲಿಲ್ಲ. ಸಾರ್, ಕಂದು ಷರ್ಟು ನಿಮ್ಮದಾ? ಎಡಜೇಬಿನಲ್ಲಿತ್ತು. ನಿನ್ನೆ ಸಂಜೇನೇ ಬರೆದಿದ್ದೆ, 'ಕಂದು ಷರ್ಟು: ಓದುವ ಕನ್ನಡಕ. ಇದನ್ನು ಓದಲಾಗದವರು ಬಂದು ಕೇಳಿ' ಅಂತ. ಬೆಳಗ್ಗೆ ವಿಶ್ವಶಾಂತಿ ಬಂದು ಅಳಿಸಿಹಾಕ್ತು."

ಉಳಿದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಲ್ವಿಚಾರಕರೂ ನಕ್ಕರು. ಕನ್ನಡಕ ಹಾಕಿಕೊಂಡು ಸುತ್ತ ನೋಡಿ, "ಏನಮ್ಮಾ, ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಿ?" ಎಂದರು. ಆಗ ಶುರುವಾಯಿತು ನೋಡಿ! ಕಂಡಕ್ಟರ ಬ್ಯಾಡ್ಜು, ಬ್ಯಾಂಕಿನವರ ಪಾಸು, ಹಲ್ಲು ಡಾಕ್ಟರ ಕೋಟಿನಲ್ಲಿದ್ದ ಯಾರದೋ ಹಲ್ಲು. ಒಬ್ಬೊಬ್ಬರೂ ತಮ್ಮ ಕಥೆ ಹೇಳಿದ್ದೇ ಹೇಳಿದ್ದು. ನರ್ಸಮ್ಮನಂತೂ, "ನಮ್ಮ ಅಪ್ಪ ಬರೆದ ಕೊನೇ ಚೀಟಿ ಕೋಟಿನ ಜೇಬಲ್ಲಿ ಉಳಿದಿತ್ತು ಸಾರ್. ಇವರು ನೋಡ್ದೆ ಇಸ್ತ್ರಿ ಮಾಡಿದ್ರೆ ಸುಟ್ಟೇ ಹೋಗ್ತಿತ್ತು" ಎಂದು ಕಣ್ಣೊರೆಸಿಕೊಂಡರು.

ನನಗೆ ಅದು ಗೊತ್ತೇ ಇರಲಿಲ್ಲ. ಪಕ್ಕದ ಮೇಜಿನಲ್ಲೇ ನಿಂತು ಕೆಲಸ ಮಾಡುವವಳು, ಒಂದು ದಿನವೂ ಹೇಳಿಕೊಂಡವಳಲ್ಲ. ಪ್ರಪಂಚದ ಅಷ್ಟೂ ರಾಜಧಾನಿಗಳ ಸುದ್ದಿ ಬರೆದವನು ಎರಡು ಮಾರು ಆಚೆಯ ಸುದ್ದಿಯನ್ನು ಒರೆಸಿಹಾಕಿದ್ದೆ. ನಾಚಿಕೆಯಾಯಿತು. ಅದರ ಬೆನ್ನಿಗೇ ಎದೆಯುಬ್ಬಿ ಬಂತು, ಷರ್ಟಿನ ಗುಂಡಿ ಬಿಗಿಯಾಗುವಷ್ಟು. ನೋಡ್ರಪ್ಪಾ, ಇವಳು ನನ್ನ ಹೆಂಡತಿ! ಎಂದು ಕೂಗಬೇಕೆನ್ನಿಸಿತು. ಕೂಗಿಯೂಬಿಟ್ಟೆ.

"ಸಾಕು, ಒಳಗೆ ಬನ್ನಿ, ಪೆಟ್ಟಿಗೆ ಕಾದಿದೆ" ಎಂದಳು. ಆದರೆ ಅವಳ ಕಿವಿ ಕೆಂಪಾಗಿತ್ತು.

ಶನಿವಾರ ಅಪ್ಪಣೆ ಬಂತು. 'ಕಳೆದುಹೋದ ವಸ್ತುಗಳ ಪ್ರಕಟಣೆಯಿಂದ ಸಾರ್ವಜನಿಕರಿಗೆ ಅಪಾರ ಪ್ರಯೋಜನವಿರುವುದರಿಂದ ಹಲಗೆಯನ್ನು ಮುಂದುವರಿಸತಕ್ಕದ್ದು. ಹಲಗೆಯ ಪೂರ್ಣ ಉಸ್ತುವಾರಿ ಶ್ರೀಮತಿಯವರದು.' ಮಗಳು ಅದನ್ನು ಗಟ್ಟಿಯಾಗಿ ಓದಿದಳು, 'ಪೂರ್ಣ' ಎಂಬಲ್ಲಿ ಎರಡು ಸಲ ಓದಿದಳು. ಅವತ್ತೇ 'ಪ್ರಪಂಚ ಮತ್ತು ನಾನು' ಅಳಿಸಿ 'ಜೇಬಿನಲ್ಲಿ ಸಿಕ್ಕಿದ್ದು' ಎಂದು ದಪ್ಪಕ್ಷರದಲ್ಲಿ ಬರೆದವನು ನಾನೇ. (ನಮ್ಮ ಮನೆಯಲ್ಲಿ ದುಂಡಗಿನ ಅಕ್ಷರ ನನ್ನೊಬ್ಬನದೇ.)

"ನನಗೆ ಒಂಚೂರು ಜಾಗ...?" ಎಂದೆ, ಸೀಮೆಸುಣ್ಣ ಹಿಡಿದು.

ಅವಳು ಹಲಗೆಯ ಅಳತೆ ನೋಡಿದಳು. ಕೆಳಗಿನ ಬಲಮೂಲೆಯಲ್ಲಿ ಗೇಣು ಇಟ್ಟು ತೋರಿಸಿದಳು. "ಮಂಚದ ಕಥೆ ಬೇಡ."

ಒಂದು ಗೇಣಿನಲ್ಲಿ ಪ್ರಪಂಚ ಹಿಡಿಸುವುದು ಸುಲಭವಲ್ಲ ಸ್ವಾಮಿ. ಭಾನುವಾರವೆಲ್ಲ ಒದ್ದಾಡಿ, ಅಳಿಸಿ, ತಿದ್ದಿ, ಕೊನೆಗೆ ಮೂರೇ ಸಾಲಿಗೆ ಇಳಿಸಿದೆ. 'ಮುರಿದ ಮಾತುಕತೆ ನಾಳೆ ಮತ್ತೆ ಶುರುವಂತೆ. ಹದಿನೈದರಲ್ಲಿ ಅರ್ಧ ಸುದ್ದಿ ಓದಿ ಮಿಕ್ಕದ್ದು ಒಳ್ಳೆಯದೇ ಆಗಿರುತ್ತದೆ ಎಂದುಕೊಳ್ಳುತ್ತಿದ್ದೆ. ಈಗಲೂ ಹಾಗೇ.' ಬದುಕಿನಲ್ಲಿ ಅಷ್ಟು ಕಮ್ಮಿ ನಾನು ಎಂದೂ ಬರೆದವನಲ್ಲ.

ಸೋಮವಾರ ಏಳೂವರೆಗೆ ಜನ ಸೇರಿದರು, ಮೂಲೆ ನೋಡುವ ಅಭ್ಯಾಸದಲ್ಲಿ ಎಲ್ಲರೂ ಕೆಳಗೇ ಬಗ್ಗಿದರು. ಪೋಸ್ಟ್‌ಮ್ಯಾನ್ ತಾತ ಮೂರು ಸಾಲನ್ನೂ ಬೆರಳಿಟ್ಟು ಓದಿದರು. ನಾನು ಒಳಗೆ ಒಂದೇ ಕಾಲರಿಗೆ ಮೂರನೇ ಸಲ ನೀರು ಚಿಮುಕಿಸುತ್ತಿದ್ದೆ. ಓದಿ ಮುಗಿಸಿ, ಅಂಗಡಿಯ ಬಾಗಿಲಿಗೆ ಬಂದು, ನನ್ನ ಬೆನ್ನು ತಟ್ಟಿದರು.

"ಪರವಾಗಿಲ್ಲ ಕಣಪ್ಪಾ, ನೀನೂ ಬರೆಯೋಕೆ ಶುರು ಮಾಡಿದ್ದೀಯ. ಮೊದಲನೇ ಸಲ ಅಲ್ವಾ, ಸ್ವಲ್ಪ ಉದ್ದ ಆಗಿದೆ."